ಕಾಳಿಯ ಅಳಿವೆಯಿಂದ ದೇವಗಡದ ದೀಪದವರೆಗೆ: ಕಾರವಾರದ ಕಡಲಲ್ಲಿ ಒಂದು ದಿನ

ಕರ್ನಾಟಕಕ್ಕೆ 300 ಕಿ.ಮೀ.ಗೂ ಮಿಕ್ಕಿದ ಕರಾವಳಿಯಿದೆ. ಆದರೆ ಘಟ್ಟದ ಮೇಲಿನ ನಗರಗಳಿಂದ ಇಳಿದು ಬರುವ ಪ್ರವಾಸಿಗರಲ್ಲಿ ಬಹುತೇಕರು ಕಡಲನ್ನು ದಡದಲ್ಲಿ ನಿಂತೇ ನೋಡಿ ಹಿಂದಿರುಗುತ್ತಾರೆ. ಕಡಲಿನ ಮೇಲಿನಿಂದ ದಡವನ್ನು ನೋಡಿದವರು ಕಡಿಮೆ. ಈ ಎರಡನೆಯ ನೋಟಕ್ಕೆ ರಾಜ್ಯದಲ್ಲಿ ಕಾರವಾರದಷ್ಟು ಒಪ್ಪುವ ತಾಣ ಮತ್ತೊಂದಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಅಭಿಮಾನಿಗಳು ಒಪ್ಪದಿರಬಹುದು. ಅಲ್ಲಿನ ಕಂಬಗಲ್ಲುಗಳ ಸೊಬಗು ಅಲ್ಲಿಗೇ ಇರಲಿ. ಕಾರವಾರದಲ್ಲಿ ಸಹ್ಯಾದ್ರಿಯ ಬೆಟ್ಟಸಾಲು ನೀರಿನ ಅಂಚಿನವರೆಗೂ ಇಳಿದು ಬಂದಿದೆ, ಒಂದು ದೊಡ್ಡ ನದಿ ಊರಿನ ಪಕ್ಕದಲ್ಲೇ ಸಮುದ್ರ ಸೇರುತ್ತದೆ, ಕೊಲ್ಲಿಯ ಬಾಯಿಗೆ ಕಾವಲಿಟ್ಟಂತೆ ಹಲವು ನಡುಗಡ್ಡೆಗಳಿವೆ. ಇವೆಲ್ಲವನ್ನೂ ಒಂದೇ ಹಗಲಿನಲ್ಲಿ ಯಂತ್ರದೋಣಿಯೊಂದರಲ್ಲಿ ಸುತ್ತಿ ಬರಬಹುದು.

ಗೆಳೆಯರ ಗುಂಪು ಕಟ್ಟಿಕೊಂಡು ಹೊರಡುವವರಿಗೆ ಉಪಯುಕ್ತವಾಗುವಂತೆ ಈ ಜಲಮಾರ್ಗದ ವಿವರಗಳನ್ನು ಇಲ್ಲಿ ಕೊಡಲಾಗಿದೆ. ಡಿಸೆಂಬರ್ ತಿಂಗಳೊಂದರಲ್ಲಿ ನಾವು ಏಳು ಮಂದಿ ಸ್ನೇಹಿತರು ಇದೇ ಹಾದಿಯಲ್ಲಿ ಹೋಗಿ ಬಂದ ಅನುಭವವೂ ಅಲ್ಲಲ್ಲಿ ಬೆರೆತಿದೆ.

ಹೊರಡುವ ಮೊದಲೇ ನಡೆದ ವಾದ

ಏಳು ಮಂದಿ ಎಂದೆನಷ್ಟೆ. ಬೆಳಿಗ್ಗೆ ಏಳು ಗಂಟೆಗೆ ಕಾಳಿ ನದಿಯ ದಂಡೆಯ ಕೋಡಿಬಾಗ ತಲುಪಿದಾಗ ನಾವು ಹತ್ತು ಮಂದಿಯಾಗಿದ್ದೆವು. ಗುಂಪಿನ ಒಬ್ಬ ಗೆಳೆಯ ಹುಬ್ಬಳ್ಳಿಯಿಂದ ತನ್ನ ಭಾವಮೈದುನನನ್ನೂ ಅವನ ಇಬ್ಬರು ಸಂಗಡಿಗರನ್ನೂ ಕರೆತಂದಿದ್ದ. ದೋಣಿಯ ಪಾರ್ಶ್ವದಲ್ಲಿ ಪ್ರಯಾಣಿಕರ ಸಂಖ್ಯೆ ಎಂಟು ಎಂದು ಬಣ್ಣದಲ್ಲಿ ಬರೆದಿತ್ತು. ತಾಂಡೇಲರು, ಅಂದರೆ ದೋಣಿಯ ಯಜಮಾನಿಕೆ ವಹಿಸಿದವರು, ಒಮ್ಮೆ ನಮ್ಮತ್ತ ಎಣಿಸಿ ನೋಡಿ, ತಲೆಯಾಡಿಸಿದರು. ‘ಎಂಟು ಅಂದ್ರೆ ಎಂಟೇ ಸಾರ್. ಇಬ್ಬರು ಇಳೀಬೇಕು’ ಎಂದರು. ದುಪ್ಪಟ್ಟು ಬಾಡಿಗೆಯ ಮಾತಾಯಿತು, ನೀರು ಕನ್ನಡಿಯಂತಿದೆಯಲ್ಲ ಎಂಬ ತರ್ಕವಾಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮತ್ತೊಬ್ಬ ದೋಣಿಯವ ಹತ್ತೂ ಮಂದಿಯನ್ನು ತಾನು ಒಯ್ಯುವುದಾಗಿಯೂ, ಜಾಕೆಟ್ಟು ಬೇಕಾದವರಿಗೆ ಎರಡೋ ಮೂರೋ ಇರುವುದಾಗಿಯೂ ಹೇಳಿದ. ನಮ್ಮಲ್ಲಿ ಕೆಲವರ ಮನಸ್ಸು ಅತ್ತ ವಾಲಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ತಾಂಡೇಲರು ಜಗಳವಾಡಲಿಲ್ಲ. 2019ರ ಜಾತ್ರೆಯ ದಿನ ತಾವು ಇದೇ ದಂಡೆಯಲ್ಲಿ ಇದ್ದುದಾಗಿ ಮಾತ್ರ ಹೇಳಿದರು. ಆ ಮಾತಿನ ನಂತರ ಯಾರೂ ವಾದ ಮುಂದುವರಿಸಲಿಲ್ಲ. ಹುಬ್ಬಳ್ಳಿಯ ಮೂವರು ಟಾಗೋರ್ ಕಡಲತೀರದಲ್ಲಿ ಉಳಿಯುವುದೆಂದೂ, ಮಧ್ಯಾಹ್ನ ನಾವು ಹಿಂದಿರುಗಿದ ಮೇಲೆ ನಮ್ಮಲ್ಲಿ ಮೂವರು ಇಳಿದು ಅವರಿಗೆ ನದಿಯ ಒಳಹಾದಿಯನ್ನು ತೋರಿಸುವುದೆಂದೂ ತೀರ್ಮಾನವಾಯಿತು.

ಕೂರ್ಮಗಡದ ನೆನಪು

ಆ ದಿನ ಏನಾಯಿತೆಂಬುದು ಈ ಕಡಲಿಗೆ ಇಳಿಯುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಕಾಳಿ ಸಮುದ್ರ ಸೇರುವ ಜಾಗದ ವಾಯವ್ಯಕ್ಕೆ, ದೇವಬಾಗದ ಎದುರಿನಲ್ಲಿ, ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡ ಎಂಬ ನಡುಗಡ್ಡೆಯಿದೆ. ಅದರ ಗುಡ್ಡದ ಮೇಲೆ ನರಸಿಂಹ ದೇವರ ಗುಡಿ. ಪ್ರತಿ ವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು ಅಲ್ಲಿ ಜಾತ್ರೆ ನಡೆಯುತ್ತದೆ. ದೇವರಿಗೆ ಬಾಳೆಗೊನೆ ಅರ್ಪಿಸುವುದು ವಾಡಿಕೆ. ಮೀನುಗಾರರ ಕುಟುಂಬಗಳಷ್ಟೇ ಅಲ್ಲದೆ ಘಟ್ಟದ ಮೇಲಿನ ಜಿಲ್ಲೆಗಳ ಭಕ್ತರೂ ಸಾವಿರಾರು ಸಂಖ್ಯೆಯಲ್ಲಿ ಬರುತ್ತಾರೆ. ದ್ವೀಪ ತಲುಪಲು ದೋಣಿಯಲ್ಲದೆ ಬೇರೆ ದಾರಿಯಿಲ್ಲ.

2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ದಡಕ್ಕೆ ಬರುವ ಮೊದಲೇ ಮಗುಚಿತು. 16 ಮಂದಿ ಜೀವ ಕಳೆದುಕೊಂಡರು. ಮಕ್ಕಳೂ ಇದ್ದರು. ಹಾವೇರಿ ಜಿಲ್ಲೆಯ ಒಂದೇ ಕುಟುಂಬಕ್ಕೆ ಸೇರಿದ ಹಲವರು ಅವರಲ್ಲಿದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆ ಮತ್ತು ಸ್ಥಳೀಯ ಮೀನುಗಾರರು ಉಳಿದವರನ್ನು ಮೇಲೆತ್ತಿದರು. ದೋಣಿಯಲ್ಲಿ ಅದು ಹೊರಬಲ್ಲುದಕ್ಕಿಂತ ಹೆಚ್ಚು ಜನರಿದ್ದರು, ಅವರ ಮೈಮೇಲೆ ಜೀವರಕ್ಷಕ ಜಾಕೆಟ್ಟುಗಳಿರಲಿಲ್ಲ.

 ಜನವರಿಯೆಂದರೆ ಈ ಕರಾವಳಿಯಲ್ಲಿ ಕಡಲು ಶಾಂತವಾಗಿರುವ ಕಾಲ. ತುಂಬಿದ ದೋಣಿಯ ಅಂಚು ನೀರಿಗೆ ಸಮೀಪವಾಗಿರುತ್ತದೆ. ಸಣ್ಣ ಅಲೆಯೂ ಒಳಕ್ಕೆ ಚೆಲ್ಲುತ್ತದೆ. ಒಳಗೆ ಬಂದ ನೀರು ದೋಣಿ ವಾಲಿದ ಕಡೆಗೇ ಹರಿದು ವಾಲಿಕೆಯನ್ನು ಮತ್ತಷ್ಟು ಹೆಚ್ಚಿಸುತ್ತದೆ. ಗಾಬರಿಗೊಂಡ ಜನ ಎದ್ದು ನಿಂತರೆ ಭಾರದ ಕೇಂದ್ರ ಮೇಲಕ್ಕೇರುತ್ತದೆ. ಇಷ್ಟಾದ ಮೇಲೆ ದೋಣಿ ಮಗುಚಲು ಬಿರುಗಾಳಿಯ ಅಗತ್ಯವಿಲ್ಲ.

ಅಳಿವೆಯನ್ನು ದಾಟುವುದು

ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ಸುಮಾರು 184 ಕಿ.ಮೀ. ಹರಿದು ಇಲ್ಲಿ ಕಡಲು ಸೇರುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಇದರ ಹರಿವನ್ನು ಹಿಡಿದಿಟ್ಟಿವೆ. ನದಿ ಮತ್ತು ಸಮುದ್ರ ಕೂಡುವ ಅಳಿವೆಯಲ್ಲಿ ಮರಳಿನ ದಿಬ್ಬಗಳು ನೀರಿನಡಿಯಲ್ಲಿ ಬೆಳೆಯುತ್ತವೆ, ಮಳೆಗಾಲ ಕಳೆದಾಗಲೆಲ್ಲ ಜಾಗ ಬದಲಿಸುತ್ತವೆ. ಆದ್ದರಿಂದ ಕಳೆದ ವರ್ಷದ ದಾರಿ ಈ ವರ್ಷದ ದಾರಿಯಲ್ಲ. ಸ್ಥಳೀಯರಲ್ಲದವರು ಸ್ವಂತ ದೋಣಿಯಲ್ಲಿ ಇಲ್ಲಿ ಸಾಹಸಕ್ಕಿಳಿಯಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ಅಳಿವೆ ದಾಟಲು ಉಬ್ಬರ ಏರುತ್ತಿರುವ ಹೊತ್ತು ಒಳ್ಳೆಯದು. ದೋಣಿಯ ತಳ ಮರಳಿಗೆ ತಾಗಿದರೂ ಏರುವ ನೀರು ಅದನ್ನು ಎತ್ತಿ ಬಿಡಿಸುತ್ತದೆ. ಇಳಿತದ ಹೊತ್ತಿನಲ್ಲಿ ಹಾಗಲ್ಲ. ಹೊರಕ್ಕೆ ಧಾವಿಸುವ ನದಿಯ ನೀರು ಒಳಕ್ಕೆ ಬರುವ ಕಡಲ ಅಲೆಗೆ ಎದುರಾದಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಇಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಸಾಮಾನ್ಯವಾಗಿ ಎರಡು ಮೀಟರಿನೊಳಗೇ ಇದ್ದರೂ, ಆಳವಿಲ್ಲದ ಅಳಿವೆಯಲ್ಲಿ ಅಷ್ಟೇ ಸಾಕು. ದಿನಕ್ಕೆ ಎರಡು ಬಾರಿ ಏರುವ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹೊರಡುವ ಸಮಯವನ್ನು ನಮ್ಮ ತಾಂಡೇಲರು ಹಿಂದಿನ ದಿನವೇ ಲೆಕ್ಕ ಹಾಕಿಟ್ಟಿದ್ದರು. ಬೆಂಗಳೂರಿನಿಂದ ಬಂದವರು ‘ಇನ್ನೊಂದು ಅರ್ಧ ಗಂಟೆ ಮಲಗೋಣ’ ಎಂದದ್ದನ್ನು ಅವರು ಕಿವಿಗೆ ಹಾಕಿಕೊಳ್ಳದಿದ್ದುದು ಅದಕ್ಕಾಗಿ.

ಬಲಕ್ಕೆ ಸದಾಶಿವಗಡದ ಗುಡ್ಡ. ಸೋದೆಯ ಅರಸರು ಕಟ್ಟಿಸಿದ ಕೋಟೆಯ ಅವಶೇಷಗಳು ಅದರ ಮೇಲಿವೆ. ಹಿಂದಕ್ಕೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆ. ಅದರ ಜೊತೆಯಲ್ಲೇ ಇದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿಗೆ ಮುನ್ನ ಕುಸಿದು ನದಿಗೆ ಬಿತ್ತು. ಆಗ ಅದರ ಮೇಲೆ ಸಾಗುತ್ತಿದ್ದ ಲಾರಿಯೂ ನೀರಿಗೆ ಬಿದ್ದು, ಚಾಲಕನನ್ನು ಮೀನುಗಾರರು ಹಾಗೂ ಪೊಲೀಸರು ಪಾರುಮಾಡಿದರು. ನದಿಯ ಒಳಭಾಗಕ್ಕೆ ಹೋಗುವವರು ಸೇತುವೆಯ ಕೆಳಗಿನ ಹಾದಿಯ ಬಗ್ಗೆ ದೋಣಿಯವರನ್ನು ವಿಚಾರಿಸಿಕೊಳ್ಳುವುದು ಲೇಸು.

ಎಲ್ಲರೂ ಒಂದೇ ಕಡೆಗೆ

ಅಳಿವೆ ದಾಟಿದ ಹತ್ತು ನಿಮಿಷದಲ್ಲಿ ಡಾಲ್ಫಿನ್‌ಗಳು ಕಾಣಿಸಿಕೊಂಡವು. ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಬೂದು ಮೈ, ಬೆನ್ನಿನ ರೆಕ್ಕೆಯ ಬುಡದಲ್ಲಿ ಉಬ್ಬಿದ ಗೂನು. ದಡದ ಸಮೀಪದ ಆಳವಿಲ್ಲದ ನೀರು, ಅದರಲ್ಲೂ ನದೀಮುಖಗಳು, ಇವುಗಳಿಗೆ ಪ್ರಿಯ. ಮೀನು ಹೇರಳವಾಗಿ ಸಿಗುವುದು ಅಲ್ಲಿಯೇ. ಸಿನಿಮಾದಲ್ಲಿ ತೋರಿಸುವಂತೆ ಇವು ಗಾಳಿಗೆ ಹಾರುವುದು ಅಪರೂಪ. ಬೆನ್ನು ತೋರಿಸಿ, ಉಸಿರು ಬಿಟ್ಟು ಮುಳುಗುತ್ತವೆ. ಎಂಜಿನ್ನಿನ ಸದ್ದು ತಗ್ಗಿಸಿ ಸುಮ್ಮನೆ ನಿಂತ ದೋಣಿಯ ಬಳಿಗೆ ಅವು ತಾವಾಗಿ ಬರುವುದುಂಟು. ಬೆನ್ನಟ್ಟಿದರೆ ದೂರ ಸರಿಯುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಈ ಪ್ರಾಣಿಗಳನ್ನು ಅಟ್ಟಿಸಿಕೊಂಡು ಹೋಗುವಂತೆ ದೋಣಿಯವರನ್ನು ಒತ್ತಾಯಿಸುವ ಪ್ರವಾಸಿಗರಿಗೆ ಕಾಸಿನ ನಷ್ಟವಲ್ಲದೆ ಬೇರೇನೂ ಸಿಗದು.

ಮೊದಲ ಬೆನ್ನು ಕಂಡದ್ದೇ ತಡ, ನಾವು ಏಳೂ ಮಂದಿ ಕ್ಯಾಮೆರಾ ಹಿಡಿದು ಎಡಬದಿಗೆ ನುಗ್ಗಿದೆವು. ದೋಣಿ ಆ ಕಡೆಗೆ ವಾಲಿ, ಅಂಚಿನ ಮೇಲೆ ಒಂದು ಬೊಗಸೆ ನೀರು ಒಳಗೆ ಬಂತು. ಅಲ್ಲಿಯವರೆಗೆ ಮೃದುವಾಗಿ ಮಾತನಾಡುತ್ತಿದ್ದ ತಾಂಡೇಲರು ಗದರಿದ ರೀತಿಗೆ ಎಲ್ಲರೂ ಶಾಲೆಯ ಹುಡುಗರಂತೆ ತಮ್ಮ ತಮ್ಮ ಜಾಗಕ್ಕೆ ಮರಳಿದೆವು. ಬೆಳಿಗ್ಗೆ ಎಲ್ಲರಿಗಿಂತ ಹೆಚ್ಚು ವಾದಿಸಿದ್ದ ಗೆಳೆಯ ಸದ್ದಿಲ್ಲದೆ ತನ್ನ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಂಡ. ಆ ಹೊತ್ತಿನಲ್ಲಿ ದೋಣಿಯೊಳಗೆ ಹತ್ತು ಮಂದಿ ಇದ್ದಿದ್ದರೆ ಎಂದು ಅವನು ಲೆಕ್ಕ ಹಾಕುತ್ತಿದ್ದಿರಬೇಕು. ನಾನಂತೂ ಹಾಕುತ್ತಿದ್ದೆ.

ದೇವಗಡ: ಹತ್ತಿಯ ಕನಸಿಗೆ ಹಚ್ಚಿದ ದೀಪ

ಕೂರ್ಮಗಡವನ್ನು ಬಲಕ್ಕೆ ಬಿಟ್ಟು ಪಶ್ಚಿಮಕ್ಕೆ ಸಾಗಿದರೆ ಬಂಡೆಗಳ ಗುಂಪೊಂದು ಎದುರಾಗುತ್ತದೆ. ಆಂಗ್ಲರು ಇದನ್ನು ಆಯ್ಸ್ಟರ್ ರಾಕ್ಸ್ ಎಂದು ಕರೆದರು. ಅದರಲ್ಲಿ ದೊಡ್ಡದು ದೇವಗಡ. ಅದರ ನೆತ್ತಿಯ ಮೇಲೆ 1864ರಲ್ಲಿ ಸ್ಥಾಪನೆಯಾದ ದೀಪಸ್ತಂಭವಿದೆ.

ಹೀಗೆ ನಿರ್ಜನ ಬಂಡೆಯ ಮೇಲೆ ಅಷ್ಟು ಖರ್ಚು ಮಾಡಿ ದೀಪ ಹಚ್ಚಿದ್ದೇಕೆ? ಅದರ ಹಿಂದೆ ಅಮೆರಿಕದ ಅಂತರ್ಯುದ್ಧವಿದೆಯೆಂದರೆ ಆಶ್ಚರ್ಯವಾಗಬಹುದು. 1861ರಲ್ಲಿ ಆರಂಭವಾದ ಆ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಯಿತು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ, ಹುಬ್ಬಳ್ಳಿಗಳ ಎರೆಭೂಮಿಯ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಸಮೀಪದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಲೆಕ್ಕಾಚಾರವಿತ್ತು. ಇಂದಿನ ಕಾರವಾರ ಪಟ್ಟಣ ಬೆಳೆದದ್ದು ಆನಂತರ. ಯುದ್ಧ 1865ರಲ್ಲಿ ಮುಗಿದು, ಹತ್ತಿಯ ಬೆಲೆ ಇಳಿದು, ಮುಂದೆ ರೈಲು ಮಾರ್ಗವೂ ಮರ್ಮಗೋವಾದತ್ತ ತಿರುಗಿತು. ಮಹಾಬಂದರಿನ ಕನಸು ಅಲ್ಲಿಗೇ ನಿಂತಿತು. ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯೊಂದಿಗೆ, 1990ರ ದಶಕದಲ್ಲಿ. ದೀಪ ಮಾತ್ರ ಉಳಿಯಿತು.

ದ್ವೀಪದ ಮೇಲೆ ಇಳಿಯಲು ದೀಪಸ್ತಂಭ ಇಲಾಖೆಯ ಅನುಮತಿ ಬೇಕು. ಅನುಮತಿಯಿದ್ದರೂ ಅಲೆ ಬಡಿಯುವ ಬಂಡೆಗೆ ದೋಣಿ ಒತ್ತರಿಸಿ ಇಳಿಯುವುದು ಎಲ್ಲ ದಿನಗಳಲ್ಲೂ ಸಾಧ್ಯವಿಲ್ಲ. ನಾವು ಇಳಿಯಲಿಲ್ಲ. ದ್ವೀಪದ ಗಾಳಿಮರೆಯ ಬದಿಯಲ್ಲಿ ಎಂಜಿನ್ ನಿಲ್ಲಿಸಿ, ಲಂಗರು ಬಿಟ್ಟು ಕುಳಿತೆವು. ಮನೆಯಿಂದ ತಂದ ಅವಲಕ್ಕಿ ಹಾಗೂ ಬಾಳೆಹಣ್ಣಿನ ಉಪಾಹಾರ ಅಲ್ಲಿಯೇ ನಡೆಯಿತು. ಬಿಳಿಹೊಟ್ಟೆಯ ಕಡಲ ಹದ್ದೊಂದು ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಕಾರವಾರದ ದ್ವೀಪಗಳಲ್ಲಿ ಇವು ಎತ್ತರದ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿಂದ ಪೂರ್ವಕ್ಕೆ ನೋಡಿದರೆ ಕಾರವಾರ ಊರಾಗಿ ಕಾಣುವುದಿಲ್ಲ. ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಪದರಗಳಲ್ಲಿ ಬೆಟ್ಟ, ಬೆಟ್ಟದ ಕೆಳಗೆ ಗಾಳಿಮರಗಳ ತೆಳ್ಳನೆಯ ಹಸಿರು ಗೆರೆ, ಅದರ ಕೆಳಗೆ ಮರಳಿನ ಇನ್ನೂ ತೆಳ್ಳನೆಯ ಬಿಳಿ ಗೆರೆ.

ದೂರದಿಂದಲೇ ನೋಡಬೇಕಾದ ಅಂಜದೀವ

ದಕ್ಷಿಣ ದಿಕ್ಕಿನಲ್ಲಿ ಕಾಣುವ ಉದ್ದನೆಯ ದ್ವೀಪ ಅಂಜದೀವ. ಕರ್ನಾಟಕದ ದಡಕ್ಕೆ ಅಂಟಿಕೊಂಡಂತಿದ್ದರೂ ಆಡಳಿತದ ದೃಷ್ಟಿಯಿಂದ ಇದು ಗೋವಾಕ್ಕೆ ಸೇರಿದ್ದು. ವಾಸ್ಕೊ ಡ ಗಾಮ 1498ರಲ್ಲಿ ಊರಿಗೆ ಮರಳುವಾಗ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಮುಂಬಯಿಯನ್ನು ವಶಕ್ಕೆ ಪಡೆಯಲು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಕಳುಹಿಸಿದ ಪಡೆ, ಪೋರ್ಚುಗೀಸ್ ಅಧಿಕಾರಿಗಳು ಹಸ್ತಾಂತರಕ್ಕೆ ಒಪ್ಪದಿದ್ದಾಗ, 1660ರ ದಶಕದಲ್ಲಿ ಇದೇ ದ್ವೀಪದಲ್ಲಿ ಕಾಯುತ್ತ ಕುಳಿತಿತು. ನಾಯಕ ಅಬ್ರಹಾಂ ಶಿಪ್‌ಮನ್ ಸೇರಿದಂತೆ ಅವರಲ್ಲಿ ಹೆಚ್ಚಿನವರು ಇಲ್ಲಿಯೇ ರೋಗಕ್ಕೆ ತುತ್ತಾದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾಲಕ್ಕೆ ಭಾರತೀಯ ನೌಕಾಪಡೆಯ ಏಳು ಮಂದಿ ಈ ದ್ವೀಪವನ್ನು ಗೆಲ್ಲುವಾಗ ಹುತಾತ್ಮರಾದರು.

ಇಂದು ಅಂಜದೀವವು ಸೀಬರ್ಡ್ ಯೋಜನೆಯ ನೌಕಾನೆಲೆಯ ಭಾಗ. ಅಲೆತಡೆಗೋಡೆಯೊಂದು ಅದನ್ನು ಮುಖ್ಯಭೂಮಿಗೆ ಜೋಡಿಸಿದೆ. ಅಲ್ಲಿನ ಐ.ಎನ್.ಎಸ್. ಕದಂಬ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಆ ಜಲಪ್ರದೇಶಕ್ಕೆ ಖಾಸಗಿ ದೋಣಿಗಳಿಗೆ ಪ್ರವೇಶವಿಲ್ಲ, ಛಾಯಾಚಿತ್ರ ತೆಗೆಯುವುದೂ ನಿಷಿದ್ಧ. ಹತ್ತಿರ ಹೋಗೋಣವೆಂದು ತಾಂಡೇಲರನ್ನು ಕೇಳುವುದೂ ಬೇಡ. ಯುದ್ಧನೌಕೆಯನ್ನು ಹತ್ತಿರದಿಂದ ನೋಡುವ ಆಸೆಯಿದ್ದವರಿಗೆ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಕ್ಷಿಪಣಿ ದೋಣಿಯ ಸಂಗ್ರಹಾಲಯ ಇದ್ದೇ ಇದೆ.

ಮಧ್ಯಾಹ್ನದ ಗಾಳಿ

ಚಳಿಗಾಲದಲ್ಲಿ ಇಲ್ಲಿನ ದಿನಚರಿ ಬಹುಮಟ್ಟಿಗೆ ನಿಶ್ಚಿತ. ರಾತ್ರಿ ತಣಿದ ನೆಲದ ಕಡೆಯಿಂದ ಬೆಳಿಗ್ಗೆ ಕಡಲಿಗೆ ತೆಳುಗಾಳಿ ಬೀಸುತ್ತದೆ, ನೀರು ನಯವಾಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಗಾಳಿ ದಿಕ್ಕು ಬದಲಿಸಿ ಸಮುದ್ರದಿಂದ ದಡಕ್ಕೆ ಬೀಸತೊಡಗುತ್ತದೆ. ಮಧ್ಯಾಹ್ನ ಎರಡರ ನಂತರ ಅದು ಬಿರುಸಾಗುತ್ತದೆ. ಮರಳುವ ದೋಣಿಗೆ ಅಲೆಗಳು ಹಿಂದಿನಿಂದ ಬರುತ್ತವೆ. ಹಿಂದಿನಿಂದ ಬಂದ ಅಲೆ ದೋಣಿಯನ್ನು ನೂಕಿಕೊಂಡು ಹೋಗಿ ಅಡ್ಡಕ್ಕೆ ತಿರುಗಿಸಬಲ್ಲುದು. ಅಡ್ಡಕ್ಕೆ ತಿರುಗಿದ ದೋಣಿಗೆ ಮುಂದಿನ ಅಲೆ ಪಕ್ಕೆಗೆ ಬಡಿಯುತ್ತದೆ. ಆದ್ದರಿಂದ ಬಲ್ಲವರು ಅಲೆಯ ವೇಗಕ್ಕೆ ಹೊಂದಿಸಿ ಎಂಜಿನ್ನಿನ ವೇಗವನ್ನು ಏರಿಸುತ್ತ ಇಳಿಸುತ್ತ ಬರುತ್ತಾರೆ.

ನಾವು ಹನ್ನೊಂದೂವರೆಗೇ ಹಿಂದಿರುಗಿದೆವು. ಇನ್ನಷ್ಟು ಹೊತ್ತು ಇರೋಣವೆಂಬ ಬೇಡಿಕೆಗೆ ತಾಂಡೇಲರು ಪಶ್ಚಿಮದ ನೀರಿನ ಬಣ್ಣ ತೋರಿಸಿದರು. ದಿಗಂತದ ಬಳಿ ಕಡುನೀಲಿಯ ಪಟ್ಟಿಯೊಂದು ಮೂಡಿತ್ತು. ಗಾಳಿ ನೀರನ್ನು ಮುಟ್ಟಿದ ಗುರುತು ಅದು. ಅಳಿವೆಗೆ ಬರುವಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಬಿಳಿ ನೊರೆ ಏಳುತ್ತಿತ್ತು.

ಕಾಳಿಯ ಒಳಹಾದಿ

ಹೊರಗಡಲು ಒರಟಾದ ಹೊತ್ತಿನಲ್ಲೂ ನದಿಯ ಒಳಭಾಗ ಶಾಂತ. ಕಾಂಡ್ಲಾ ಕಾಡಿನ ನಡುವೆ ಕವಲೊಡೆದ ನೀರಿನ ಓಣಿಗಳು, ಇಳಿತದ ಹೊತ್ತಿನಲ್ಲಿ ಬಳಚು, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು, ಬೀಸುಬಲೆಯ ನಾಡದೋಣಿಗಳು. ಸಮುದ್ರದ ಓಲಾಟ ಸಹಿಸದವರಿಗೆ, ಮಕ್ಕಳಿಗೆ, ಹಿರಿಯರಿಗೆ ಇದೇ ಸೂಕ್ತ.

ರವೀಂದ್ರನಾಥ ಟಾಗೋರರು ತಮ್ಮ ಇಪ್ಪತ್ತರ ಹರೆಯದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ಬೆಳುದಿಂಗಳಿನಲ್ಲಿ ದೋಣಿಯಲ್ಲಿ ಈ ನದಿಯನ್ನೇರಿ ಹೋಗಿ ಬಂದುದನ್ನು ತಮ್ಮ ‘ಜೀವನ ಸ್ಮೃತಿ’ಯಲ್ಲಿ ಅವರು ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಕಾರವಾರದಲ್ಲಿಯೇ. ಊರಿನ ಕಡಲತೀರಕ್ಕೆ ಅವರ ಹೆಸರು ಬಂದದ್ದು ಹೀಗೆ.

ಮಾತು ಕೊಟ್ಟಂತೆ ನಮ್ಮಲ್ಲಿ ಮೂವರು ಇಳಿದು ಹುಬ್ಬಳ್ಳಿಯ ಮೂವರಿಗೆ ಜಾಗ ಬಿಟ್ಟೆವು. ಅವರು ಎರಡು ಗಂಟೆ ಸುತ್ತಾಡಿ ಬಂದರು. ನೀರುನಾಯಿಯ ಜೋಡಿಯೊಂದನ್ನು ಕಂಡೆವೆಂದು ಅವರು ಹೇಳಿದಾಗ, ದಡದಲ್ಲಿ ಉಳಿದಿದ್ದ ನಮಗೆ ಹೊಟ್ಟೆಕಿಚ್ಚಾಯಿತೆನ್ನಬೇಕು.

ಹೋಗುವವರ ಗಮನಕ್ಕೆ

ನವೆಂಬರಿನಿಂದ ಫೆಬ್ರುವರಿಯವರೆಗೆ ಉತ್ತಮ ಕಾಲ. ಮೇ ತಿಂಗಳ ಉತ್ತರಾರ್ಧದಿಂದ ಸೆಪ್ಟೆಂಬರ್ ಮುಗಿಯುವವರೆಗೆ ಹೊರಗಡಲಿನ ವಿಹಾರದ ಯೋಚನೆ ಬೇಡ. ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಅಲೆಯ ಎತ್ತರ ಮತ್ತು ಗಾಳಿಯ ಮುನ್ಸೂಚನೆಯನ್ನು ಪ್ರತಿದಿನ ಪ್ರಕಟಿಸುತ್ತದೆ. ಹಿಂದಿನ ಸಂಜೆಯೇ ನೋಡಿಕೊಳ್ಳಬೇಕು.

ದೋಣಿ ಹತ್ತುವ ಮೊದಲು ನೋಡಬೇಕಾದದ್ದು ಬಾಡಿಗೆಯನ್ನಲ್ಲ. ದೋಣಿಗೆ ನೋಂದಣಿ ಇದೆಯೇ, ಎಷ್ಟು ಜನರಿಗೆ ಪರವಾನಗಿ, ಅಷ್ಟೂ ಜನರಿಗೆ ಜಾಕೆಟ್ ಇದೆಯೇ ಎಂಬುದನ್ನು ನೋಡಬೇಕು. ಜಾಕೆಟ್ಟನ್ನು ಆಸನದ ಕೆಳಗಿಟ್ಟು ಕುಳಿತರೆ ಪ್ರಯೋಜನವಿಲ್ಲ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಈಜು ಬಲ್ಲವರಿಗೂ ಕಷ್ಟ. ಮಕ್ಕಳಿಗೆ ಅವರ ಅಳತೆಯದೇ ಬೇಕು, ದೊಡ್ಡವರದು ತಲೆಯ ಮೇಲಿನಿಂದ ಜಾರಿಹೋಗುತ್ತದೆ. ಇಂಧನದಲ್ಲಿ ಮೂರನೆಯ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಒಂದು ಪಾಲು ಆಪತ್ತಿಗೆಂದು ಲೆಕ್ಕ. ಬಲೆಯ ನೈಲಾನ್ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದು ಇಲ್ಲಿ ಸಾಮಾನ್ಯವಾದ್ದರಿಂದ ಚೂರಿಯೂ, ಹುಟ್ಟುಗಳೂ ದೋಣಿಯಲ್ಲಿರಬೇಕು. ಮದ್ಯ ಬೇಡವೇ ಬೇಡ. ವಾಂತಿಯ ಭಯವುಳ್ಳವರು ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿದ್ದರೆ ಒಳಿತು, ಮೊಬೈಲ್ ನೋಡಿದರೆ ಕೆಡುಕು.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಹೇಳಿ ಹೊರಡಬೇಕು. ಕಡಲಿನಲ್ಲಿ ಅಪಾಯವೊದಗಿದರೆ ಕರಾವಳಿ ಕಾವಲು ಪಡೆಯ ಉಚಿತ ದೂರವಾಣಿ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093. ವಿ.ಎಚ್.ಎಫ್. ರೇಡಿಯೊ ಉಳ್ಳ ದೋಣಿಗಳಲ್ಲಿ ಆಪತ್ಕಾಲದ ವಾಹಿನಿ 16.

ಕಾರವಾರವು ಬೆಂಗಳೂರಿನಿಂದ ಸುಮಾರು 520 ಕಿ.ಮೀ. ದೂರದಲ್ಲಿದೆ. ರೈಲಿನಲ್ಲಿ ಬರುವವರು ನಿಲ್ದಾಣದಿಂದ ಊರಿಗೆ ಕೆಲವು ಕಿ.ಮೀ. ಆಟೋದಲ್ಲಿ ಹೋಗಬೇಕು. ಬೆಳಗಿನ ಉಬ್ಬರಕ್ಕೆ ಹೊರಡಬೇಕಾದವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಅನುಕೂಲ.